ಮುಂದಿನ ಎರಡು ಟೈರು, ಇಫ್ತಿಕಾರನ ಸಿಟ್ಟು

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಇಫ್ತಿಕಾರನಿಗೆ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಜನ ಹೇಳುತ್ತಾರೆ. ಅದು ಸುಳ್ಳು. ಮೂಗಿನ ತುದಿಯಿಂದ ಅದು ಯಾವತ್ತೋ ಇಳಿದು ಮೈಯೆಲ್ಲ ಹರಡಿಕೊಂಡಿತ್ತು. ನಟ್ಟು ಬಿಚ್ಚುವ ಪಾನ ಜಾರಿದರೆ ಪಾನಕ್ಕೆ ಬೈಗುಳ. ಕರೆಂಟು ಹೋದರೆ ಲೈನ್‌ಮನ್ನಿನ ವಂಶಕ್ಕೆಲ್ಲ ಬೈಗುಳ. ಗಾಡಿ ತಂದವನಿಗೆ, ಗಾಡಿಯನ್ನು ಈ ಗತಿಗೆ ತಂದಿದ್ದಕ್ಕೆ ಬೈಗುಳ. ಗಿರಾಕಿಗಳು ತಲೆ ತಗ್ಗಿಸಿಕೊಂಡು ಬೈಸಿಕೊಳ್ಳುತ್ತಿದ್ದರು, ಯಾಕೆಂದರೆ ಬೈಯುತ್ತ ಬೈಯುತ್ತಲೇ ಅವನು ಗಾಡಿ ಸರಿಮಾಡಿ ಕೊಡುತ್ತಿದ್ದ. 'ಇಫ್ತಿಕಾರ್ ಸಾಬ್ ಬೈತಾನೆ, ಆದ್ರೆ ಸುಳ್ಳು ಹೇಳಲ್ಲ' ಅನ್ನುವುದು ಊರಿನ ಮಾತಾಗಿತ್ತು. ಈ ಒಳ್ಳೆಯ ಹೆಸರೇ ಮುಂದೆ ಒಬ್ಬನ ಬಾಳಿಗೆ ಕಲ್ಲು ಹಾಕಿತು.

ಅವನಿಗೆ ಎದುರು ಮಾತಾಡುವ ಧೈರ್ಯ ಇದ್ದದ್ದು ಒಬ್ಬನಿಗೆ ಮಾತ್ರ. ಅದು ಎದುರುಗಡೆ ಟೈರು ಅಂಗಡಿ ಇಟ್ಟಿದ್ದ ಬೊಮ್ಮಲಿಂಗಪ್ಪ. ಇಬ್ಬರೂ ಚಿಕ್ಕವರಿದ್ದಾಗ ಶರೀಫ್ ಸಾಬರ ಲಾರಿ ಗ್ಯಾರೇಜಿನಲ್ಲಿ ಕೆಲಸ ಕಲಿತವರು, ಒಂದೇ ಲಾರಿಯ ಕೆಳಗೆ ಚಾಪೆ ಹಾಸಿಕೊಂಡು ಮಲಗಿದವರು. ಒಬ್ಬ ತಪ್ಪು ಮಾಡಿದರೆ ಶರೀಫ್ ಸಾಬರು ಇಬ್ಬರಿಗೂ ಬಾರಿಸುತ್ತಿದ್ದರು, ಯಾವನು ಮಾಡಿದ್ದು ಅಂತ ಹುಡುಕುವ ತಾಪತ್ರಯ ಬೇಡವೆಂದು. ಮುಂದೆ ಒಬ್ಬ ಗ್ಯಾರೇಜು ಹಾಕಿದ, ಇನ್ನೊಬ್ಬ ಪಂಕ್ಚರ್ ಹಾಕುತ್ತ ಹಾಕುತ್ತ ಟೈರಿನ ಅಂಗಡಿಯನ್ನೇ ಮಾಡಿದ. ಇಫ್ತಿಕಾರನ ಹೆಂಡತಿ ಮದರ್ ಬೀಯ ಅಪ್ಪ ಆಗ ಈ ಸಿಡುಕನಿಗೆ ಮಗಳನ್ನು ಕೊಡುವುದಿಲ್ಲ ಎಂದು ಹಟ ಹಿಡಿದಾಗ, ಹೋಗಿ ಕೂತು ಮುದುಕನನ್ನು ಒಪ್ಪಿಸಿ ಬಂದವನು ಬೊಮ್ಮಲಿಂಗಪ್ಪನೇ. ಅವನ ಹೆಂಡತಿ ತಿಪ್ಪೇರುದ್ರಮ್ಮ ಹುರುಳಿ ಸಾರು ಮಾಡಿದ ದಿನ ಒಂದು ಡಬ್ಬಿ ರಸ್ತೆ ದಾಟಿ ಗ್ಯಾರೇಜಿಗೆ ಬರುತ್ತಿತ್ತು. ರಂಜಾನಿನಲ್ಲಿ ಈ ಕಡೆಯಿಂದ ಆ ಕಡೆಗೆ ಶೀರ್‌ಖುರ್ಮಾ ಹೋಗುತ್ತಿತ್ತು.

ಇಂಥ ಗೆಳೆತನಕ್ಕೆ ಕೊಳ್ಳಿ ಇಟ್ಟಿದ್ದು ಒಂದು ಕಾರು. ಬಳ್ಳಾರಿಯಲ್ಲಿ ಗಣಿಯ ದುಡ್ಡು ನೀರಿನ ಹಾಗೆ ಹರಿಯುತ್ತಿದ್ದ ಕಾಲದಲ್ಲಿ ಯಾರೋ ಸಾಹುಕಾರರ ಮಗ ತರಿಸಿಕೊಂಡಿದ್ದ ಕೆಂಪು ಸ್ಪೋರ್ಟ್ಸ್ ಕಾರು ಅದು. ಎರಡೇ ಸೀಟು, ಮೇಲಿನ ಟಾಪು ಮಡಚಿದರೆ ಆಕಾಶ. ಗಣಿ ನಿಂತ ಮೇಲೆ ಕಾರೂ ನಿಂತಿತು. ಶೆಡ್ಡಿನಲ್ಲಿ ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆ ಇಡುತ್ತಿದ್ದಾಗ ಇಫ್ತಿಕಾರ್ ಗುಜರಿ ರೇಟಿಗೆ ಎಳೆದುಕೊಂಡು ಬಂದ. ಎಂಜಿನ್ನು ಬಿಚ್ಚಿದ, ಬೈದ, ಕಟ್ಟಿದ, ಮತ್ತೆ ಬಿಚ್ಚಿದ. ಅದು ಗುರ್ ಎಂದು ಎದ್ದ ದಿನ ಅವನು ಯಾರಿಗೂ ಬೈಯಲಿಲ್ಲ. ಮದರ್ ಬೀ ಗಾಬರಿಯಾಗಿ ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡಿದಳು.

ಆ ಕಾರನ್ನು ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಟ್ಟ. ಮದುಮಗ ಸೀಟಿನ ಬೆನ್ನಿನ ಮೇಲೆ ಹತ್ತಿ ಕೂತರೆ ಬೀದಿಗೆಲ್ಲ ಕಾಣುತ್ತಾನೆ, ಇನ್ನೇನು ಬೇಕು? ಮೊದಲನೇ ಮದುವೆಗೆ ರಾಂಪುರಕ್ಕೆ ತಾನೇ ಓಡಿಸಿಕೊಂಡು ಹೋದ. ಅಲ್ಲಿ ಮದುಮಗನ ಗೆಳೆಯನೊಬ್ಬ ಬೂಟು ಕಾಲಲ್ಲಿ ಬಾನೆಟ್ ಹತ್ತಿದ. ಇಫ್ತಿಕಾರ್ ಇಳಿದು ಅವನ ಕೊರಳಪಟ್ಟಿ ಹಿಡಿದು ಬ್ಯಾಂಡಿನವರ ಮೇಲೆ ಎಸೆದ. ಆ ಸುದ್ದಿ ಮನೆಗೆ ಮುಟ್ಟಿದ ದಿನವೇ ಮದರ್ ಬೀ ತೀರ್ಪು ಕೊಟ್ಟಳು, "ಇನ್ನ ನೀವು ಮದುವೆ ಕಡೆ ಹಾಯಬ್ಯಾಡ್ರಿ. ಅಸ್ಲಂ ಹೋಗ್ಲಿ." ಅಸ್ಲಂ ಅವಳ ತಮ್ಮ. ಎಲ್ಲರ ಜೊತೆ ನಗುನಗುತ್ತ ಇರುವವನು. ಅಂದಿನಿಂದ ಕಾರು ಅವನ ಕೈಗೆ ಹೋಯಿತು.

ಮದುವೆಗೆ ಬಿಡುವ ಮುಂಚೆ ನಾಲ್ಕೂ ಟೈರನ್ನು ಬೊಮ್ಮಲಿಂಗಪ್ಪ ಬೆಂಗಳೂರಿನಿಂದ ತರಿಸಿ ಹಾಕಿದ್ದ. ಆ ಅಳತೆಯ ಟೈರು ಈ ಕಡೆ ಸಿಗುವುದಿಲ್ಲ. ಒಂದು ಸೀಸನ್ ಮುಗಿಯಿತು ಅನ್ನುವಷ್ಟರಲ್ಲಿ ಮುಂದಿನ ಎರಡು ಟೈರು ಬೋಳಾಗಿ ಒಳಗಿನ ತಂತಿ ಹಲ್ಲು ಕಿರಿಯುತ್ತಿತ್ತು. ಹಿಂದಿನ ಎರಡು ಹೊಸ ಮದುವಣಗಿತ್ತಿಯ ಹಾಗೆ ಇದ್ದವು. ಇಫ್ತಿಕಾರ್ ಅಲೈನ್‌ಮೆಂಟು ನೋಡಿದ, ಸರಿಯಾಗಿತ್ತು. ಗಾಳಿ ನೋಡಿದ, ಸರಿಯಾಗಿತ್ತು. ಇನ್ನು ಉಳಿದದ್ದು ಟೈರು. ಅವನ ಮೈ ಉರಿದುಹೋಯಿತು.

ಸವೆದ ಟೈರನ್ನು ಉರುಳಿಸಿಕೊಂಡು ರಸ್ತೆ ದಾಟಿದ. ಅಡ್ಡ ಬಂದ ಲಾರಿಯವನು ಬ್ರೇಕು ಹಾಕಿದ, ಅವನಿಗೂ ನಾಲ್ಕು ಬೈಗುಳ ಬಿತ್ತು. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು.

"ಇದನ್ನ ಎಷ್ಟು ವರ್ಷದಿಂದ ಗೋಡೌನ್‌ನಾಗೆ ಕೊಳೆಹಾಕಿದ್ದೆ?"

ಬೊಮ್ಮಲಿಂಗಪ್ಪ ಟೈರಿನ ಮೇಲೆ ಕೈಯಾಡಿಸಿದ. "ರಬ್ಬರು ಚೆನ್ನಾಗೈತೆ ಕಣಲೇ. ಇದು ತಾನಾಗಿ ಸವೆದಿದ್ದಲ್ಲ, ಯಾರೋ ಸವೆಸಿದಾರೆ. ಅಸ್ಲಂನ ಕೇಳು."

"ನಿನ್ನ ಮಾಲು ಕೆಟ್ಟಿದ್ರೆ ನನ್ನ ಮನೆಯೋರ ಮೇಲೆ ಹಾಕ್ತೀಯಾ? ಬ್ಯಾಂಡಿನೋರ ಹಿಂದೆ ತೆವಳೋ ಕಾರು ಅದು. ಮುದುಕೀರು ಅದಕ್ಕಿಂತ ಜೋರಾಗಿ ನಡೀತಾರೆ. ಅಂಥಾ ಕಾರಿನ ಟೈರು ಹೆಂಗಲೇ ಸವೀತೈತೆ?"

ನಿಂತಿದ್ದ ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಮಾತು ಸರಿಯಾಗಿಯೇ ಇತ್ತು. ಓಡದ ಕಾರಿನ ಟೈರು ಸವೆಯುವುದು ಹೇಗೆ?

"ಹೆಂಗೆ ಅಂತ ನಂಗೊತ್ತಿಲ್ಲ," ಅಂದ ಬೊಮ್ಮಲಿಂಗಪ್ಪ. "ಟೈರು ಹೊಸದಿತ್ತು. ಅಷ್ಟು ಗೊತ್ತು."

"ಕಳ್ಳ ನೀನು. ಜತೇಲಿ ಉಂಡೋನ ಕಣ್ಣಿಗೇ ಮಣ್ಣು ಎರಚಿದ್ದೀಯ."

ಅವರಿಬ್ಬರ ನಡುವೆ ಇದಕ್ಕಿಂತ ಕೆಟ್ಟ ಬೈಗುಳ ಎಷ್ಟೋ ಆಡಿ ಹೋಗಿದ್ದವು. ಅವೆಲ್ಲ ಪ್ರೀತಿಯ ಬೈಗುಳ. ಇದು ಹಾಗಿರಲಿಲ್ಲ. ಬೊಮ್ಮಲಿಂಗಪ್ಪನ ಮುಖ ಕಪ್ಪಿಟ್ಟಿತು. "ಅಂಗಡಿ ಇಳಿ," ಅಂದ, ಅಷ್ಟೇ.

ಇಫ್ತಿಕಾರ್ ಇಳಿದ. ಇಳಿದವನು ಸುಮ್ಮನೆ ಹೋಗಿ ಒಂದು ಲೋಟ ನೀರು ಕುಡಿದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಫೋನು ತೆಗೆದ. ಹಿರಿಯೂರಿನಿಂದ ಮೊಳಕಾಲ್ಮೂರಿನವರೆಗೆ ಇರುವ ಮೆಕ್ಯಾನಿಕ್‌ಗಳ ಗ್ರೂಪಿಗೆ ಒಂದು ವಾಯ್ಸ್ ಮೆಸೇಜು ಹಾಕಿದ. ಬೊಮ್ಮಲಿಂಗಪ್ಪನ ಅಂಗಡಿಯಲ್ಲಿ ಹಳೇ ಸ್ಟಾಕಿಗೆ ಪಾಲಿಶ್ ಹೊಡೆದು ಹೊಸದು ಅಂತ ಮಾರುತ್ತಾರೆ, ಯಾರೂ ಅಲ್ಲಿಗೆ ಕಾಲಿಡಬೇಡಿ, ಎಂದು. ಪಾಲಿಶ್ ಹೊಡೆದದ್ದನ್ನು ಅವನು ನೋಡಿರಲಿಲ್ಲ. ಸಿಟ್ಟಿನಲ್ಲಿ ಬಾಯಿಗೆ ಬಂತು, ಅಂದ.

ಹುರುಳಿ ಸಾರಿನ ಡಬ್ಬಿ ನಿಂತಿತು. ಮದರ್ ಬೀ ಎರಡು ದಿನ ಗಂಡನಿಗೆ ಅನ್ನ ಬಡಿಸಿ ಮಾತಾಡದೆ ಒಳಗೆ ಹೋದಳು. ಇಫ್ತಿಕಾರ್ ಅವಳಿಗೂ ಬೈದ.

ಮುಂದಿನ ಟೈರಿಗೆ ಬಳ್ಳಾರಿಗೆ ಹೋದ. ಅಲ್ಲಿ ಒಂದು ಅಂಗಡಿಯವನು ಬೊಮ್ಮ ಹಾಕಿದ್ದಂಥದೇ ಮೆತ್ತನೆಯ ರಬ್ಬರಿನ, ವೇಗಕ್ಕೆಂದೇ ಮಾಡಿದ ಟೈರು ತೋರಿಸಿದ. ಇನ್ನೊಂದು ಸ್ವಲ್ಪ ಸಪೂರದ್ದು, ಅಗ್ಗದ್ದು. ಇಫ್ತಿಕಾರ್ ಅಗ್ಗದ್ದನ್ನೇ ಎತ್ತಿಕೊಂಡ. ಅಗ್ಗದ ಟೈರು ಬಾಳಿಕೆ ಬಂದರೆ ಬೊಮ್ಮನ ಮುಖಕ್ಕೆ ಹಿಡಿದು ತೋರಿಸಬಹುದಲ್ಲ ಎಂಬುದೇ ಅವನ ಲೆಕ್ಕ. ಕಾರಿಗೆ ಯಾವುದು ಒಳ್ಳೆಯದು ಎಂದು ಅವನು ಯೋಚಿಸಲೇ ಇಲ್ಲ.

ಹೊಸ ಟೈರಿನ ಮೊದಲ ಮದುವೆ ಮೊಳಕಾಲ್ಮೂರಿನಲ್ಲಿ ಬಂತು. ರೇಷ್ಮೆ ಸೀರೆ ನೇಯುವ ಸೂರಪ್ಪನವರ ಮಗ ಸಾಯಿಕುಮಾರನ ಮೆರವಣಿಗೆ. ಟೈರು ಹೇಗೆ ಉರುಳುತ್ತದೆ ಎಂದು ಕಣ್ಣಾರೆ ನೋಡಲು ಇಫ್ತಿಕಾರ್ ಮದರ್ ಬೀಗೆ ಹೇಳದೆ ಬೈಕ್ ಹತ್ತಿ ಹೋದ. ನೇಕಾರರ ಬೀದಿಯಲ್ಲಿ ಅವತ್ತು ಒಂದು ಮಗ್ಗದ ಸದ್ದೂ ಇರಲಿಲ್ಲ, ಎಲ್ಲರೂ ಬಾಗಿಲಿಗೆ ಬಂದು ನಿಂತಿದ್ದರು. ಅವನೂ ಒಂದು ಜಗಲಿಯ ಪಕ್ಕ ನಿಂತುಕೊಂಡ.

ಕಾರು ಬಂತು. ಬೀದಿಯ ನಡುವೆ ನಿಂತಿತು. ತಮಟೆಯವರು ಸುತ್ತ ನೆರೆದರು. ಯಾರೋ "ತಿಪ್ಪು, ತಿಪ್ಪು" ಎಂದು ತೆಲುಗಿನಲ್ಲಿ ಕೂಗಿದರು. ತಿರುಗಿಸು, ತಿರುಗಿಸು ಎಂದು. ಅಸ್ಲಂ ನಿಂತ ಕಾರಿನಲ್ಲೇ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ತಮಟೆಯ ಏಟಿಗೆ ಸರಿಯಾಗಿ ತಿರುವತೊಡಗಿದ. ಮುಂದಿನ ಚಕ್ರಗಳು ಸಿಮೆಂಟು ರಸ್ತೆಯನ್ನು ಕಚ್ಚಿ ಉಜ್ಜುತ್ತ ಎಡಕ್ಕೆ ಬಲಕ್ಕೆ ಹೊರಳಿದವು. ಬ್ರೇಕು ಒತ್ತಿ ಬಿಟ್ಟು ಮಾಡಿದಂತೆ ಕಾರಿನ ಮೂತಿ ಎದ್ದು ಎದ್ದು ಬಿತ್ತು. ಕಾರು ಕುಣಿಯುತ್ತಿತ್ತು. ಮದುಮಗ ಮೇಲೆ ಕೂತು ಕುಲುಕುತ್ತಿದ್ದ, ಜನ ಶಿಳ್ಳೆ ಹೊಡೆಯುತ್ತಿದ್ದರು, ಅಸ್ಲಂನ ಜೇಬಿಗೆ ನೋಟು ತುರುಕುತ್ತಿದ್ದರು. ರಸ್ತೆಯ ಮೇಲೆ ತೆಂಗಿನಕಾಯಿ ತುರಿದ ಹಾಗೆ ಕರಿ ರಬ್ಬರಿನ ಪುಡಿ ಬಿದ್ದಿತ್ತು.

ಇಫ್ತಿಕಾರ್ ಜನರನ್ನು ತಳ್ಳಿಕೊಂಡು ನುಗ್ಗಿ ಕೀಲಿ ಕಿತ್ತುಕೊಂಡ. ಅಸ್ಲಂನನ್ನು ಎಳೆದು ಕೆನ್ನೆಗೆ ಬಿಡಲು ಕೈ ಎತ್ತಿದ. ಆ ಕೈಯನ್ನು ಹಿಡಿದುಕೊಂಡವರು ಸೂರಪ್ಪ.

"ಶುಭಕಾರ್ಯದಾಗ ಕೈ ಎತ್ತಬ್ಯಾಡ್ರಿ ಸಾಬ್. ಆ ಹುಡುಗಂದು ಏನು ತಪ್ಪು? ಡ್ಯಾನ್ಸ್ ಕಾರು ಅಂತಾನೇ ಅಲ್ವಾ ನಾವು ಬುಕ್ ಮಾಡಿದ್ದು?"

"ಏನು ಕಾರು?"

"ಡ್ಯಾನ್ಸ್ ಕಾರು. ಸುತ್ತ ಹಳ್ಳಿಗೆಲ್ಲ ಅದೇ ಹೆಸರು. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಬೀದಿಗೆ ಬೀದಿಯೇ ಬಲ್ಲ ಸಂಗತಿ, ಕಾರಿನ ಯಜಮಾನನೊಬ್ಬನಿಗೆ ಗೊತ್ತಿರಲಿಲ್ಲ. ಅವನು ಅಸ್ಲಂ ಕಡೆ ತಿರುಗಿದ. "ಬೊಮ್ಮನ ಜತೆ ಅಷ್ಟು ದೊಡ್ಡ ಜಗಳ ಆಯ್ತಲ್ಲೋ. ಅವತ್ತಾದ್ರೂ ಬಾಯಿ ಬಿಡಬಾರದಿತ್ತಾ?"

"ಹೆಂಗೆ ಬಿಡ್ಲಿ ದುಲ್ಹಾಭಾಯ್?" ಅಸ್ಲಂ ನಗುತ್ತಿರಲಿಲ್ಲ. "ನಿಮ್ಮ ಮುಂದೆ ಯಾವತ್ತು ಯಾರು ಬಾಯಿ ಬಿಟ್ಟಿದಾರೆ?"

ಸೂರಪ್ಪ ಇಬ್ಬರನ್ನೂ ಸಮಾಧಾನ ಮಾಡುವವರ ಹಾಗೆ ಇಫ್ತಿಕಾರನ ಹೆಗಲ ಮೇಲೆ ಕೈಯಿಟ್ಟರು. "ಬಿಡ್ರಿ ಸಾಬ್, ನೀವು ನ್ಯಾಯಸ್ಥರು. ಆ ಬೊಮ್ಮಲಿಂಗಪ್ಪನ ವಿಷಯ ನೀವು ಫೋನಿನಾಗ ಹೇಳಿದ್ದು ಎಷ್ಟು ಒಳ್ಳೇದಾಯ್ತು ಅಂತೀರಿ. ನಮ್ಮ ಅಳಿಯ ಟ್ರ್ಯಾಕ್ಟರಿಗೆ ಅವನ ಹತ್ರಾನೇ ಟೈರು ಹಾಕಿಸ್ತಿದ್ದ. ಬ್ಯಾಡ ಅಂದೆ. ಇಫ್ತಿಕಾರ್ ಸಾಬ್ ಬೈತಾರೆ, ಸುಳ್ಳು ಹೇಳಲ್ಲ ಅಂದೆ."

ಇಫ್ತಿಕಾರ್ ಕೀಲಿಯನ್ನು ಅಸ್ಲಂನ ಕೈಗೆ ಹಾಕಿ ಬೈಕ್ ಹತ್ತಿದ. ಹಿಂದೆ ತಮಟೆ ಮತ್ತೆ ಶುರುವಾಯಿತು. ಊರು ದಾಟಿದ ಮೇಲೆ ಒಂದು ಹುಣಸೆಮರದ ಕೆಳಗೆ ನಿಲ್ಲಿಸಿ ಗ್ರೂಪಿಗೆ ಇನ್ನೊಂದು ವಾಯ್ಸ್ ಹಾಕಿದ. ಬೊಮ್ಮಲಿಂಗಪ್ಪನ ಟೈರಿನಲ್ಲಿ ದೋಷ ಇರಲಿಲ್ಲ, ನಮ್ಮ ಕಡೆಯವರೇ ಕಾರು ಕುಣಿಸಿ ಹಾಳು ಮಾಡಿದ್ದು, ನಾನು ಹೇಳಿದ್ದೆಲ್ಲ ಸುಳ್ಳು, ಎಂದ. ಮನೆ ಮುಟ್ಟುವಷ್ಟರಲ್ಲಿ ಉತ್ತರಗಳು ಬಂದಿದ್ದವು. ಒಬ್ಬ ಕೈಮುಗಿದ ಚಿತ್ರ ಹಾಕಿದ್ದ. ಒಬ್ಬ 'ಹಳೇ ದೋಸ್ತಿ ಬಿಡೋಕಾಗುತ್ತಾ' ಎಂದಿದ್ದ. ಇನ್ನೊಬ್ಬ 'ಇಬ್ರೂ ರಾಜಿ ಆದ್ರಾ, ಬಿರಿಯಾನಿ ಯಾವಾಗ' ಎಂದು ಕೇಳಿದ್ದ. ಇಫ್ತಿಕಾರ್ ಫೋನನ್ನು ಗೋಡೆಗೆ ಎಸೆಯುವವನಿದ್ದ. ಮದರ್ ಬೀ ಕೈಯಿಂದ ಕಸಿದುಕೊಂಡಳು.

ಬೆಳಿಗ್ಗೆ ಕಾರಿನ ಮುಂದಿನ ಎರಡು ಚಕ್ರ ಬಿಚ್ಚಿಕೊಂಡು ರಸ್ತೆ ದಾಟಿದ. ಬೊಮ್ಮಲಿಂಗಪ್ಪ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಅಂಗಡಿ ಖಾಲಿ ಇತ್ತು. ಮೊದಲೆಲ್ಲ ಅಷ್ಟು ಹೊತ್ತಿಗೆ ಅಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ.

"ಕಾರು ಕುಣಿಸ್ತಾ ಇದ್ರು ಕಣಲೇ. ನಿಂತಲ್ಲೇ ಸ್ಟೇರಿಂಗ್ ತಿರುವಿ."

"ಗೊತ್ತು. ನೀನು ಬೈದು ಹೋದ ವಾರಕ್ಕೇ ಗೊತ್ತಾಯ್ತು. ಯಾರೋ ವಿಡಿಯೋ ತೋರಿಸಿದ್ರು."

"ಮತ್ತೆ ಬಂದು ನನ್ನ ಮುಖಕ್ಕೆ ಉಗಿಯಬಾರದಿತ್ತಾ?"

"ನಾನು ಬಂದು ಹೇಳಿದ್ರೆ, ಕಳ್ಳ ತಪ್ಪಿಸ್ಕಳಾಕೆ ಹೇಳ್ತಾನೆ ಅಂತ ನೀನೇ ಅಂತಿದ್ದೆ."

ಇಫ್ತಿಕಾರ್ ಅನ್ನುತ್ತಿದ್ದ, ಅದೂ ಹಾಗೆಯೇ ಅನ್ನುತ್ತಿದ್ದ. ಹಳೇ ಸ್ಟೂಲು ಎಳೆದುಕೊಂಡು ಕೂತ. "ಯಾವ ಟೈರು ಹಾಕ್ಲಿ, ನೀನೇ ಹೇಳು."

"ಬೆಂಗಳೂರಿಂದು ಬ್ಯಾಡ. ಅದು ಓಡೋಕೆ ಮಾಡಿದ್ದು, ಮೆತ್ತಗಿರ್ತೈತೆ. ಬಳ್ಳಾರಿಂದು ಸಪೂರ, ಬಿಸಾಕು. ಅಳತೆಗೆ ಸರಿಯಾಗಿ ಗಟ್ಟಿ ರಬ್ಬರಿಂದು ಸಿಗ್ತೈತೆ, ತರಿಸ್ತೀನಿ. ಕುಣಿಸೋದು ಬಿಟ್ರೆ ಬಾಳ್ತೈತೆ. ಬಿಡದಿದ್ರೆ ಯಾವ ಟೈರೂ ಬಾಳಲ್ಲ."

"ಬಿಟ್ಟಂಗೇ. ಇನ್ನ ಆ ಕಾರು ಮದುವೆ ಬೀದಿಗೆ ಇಳಿಯಲ್ಲ."

ಅಷ್ಟರಲ್ಲಿ ಬೈಕಿನಲ್ಲಿ ಒಬ್ಬ ಬಂದ. ದೊಡ್ಡಉಳ್ಳಾರ್ತಿಯ ಹುಲಿಯಪ್ಪ, ಟ್ರಾಲಿಗೆ ಒಂದು ಜೊತೆ ಟೈರು ನೋಡಲು ಬಂದಿದ್ದ. ಬೊಮ್ಮಲಿಂಗಪ್ಪ ಒಂದನ್ನು ಇಳಿಸಿ ಮುಂದಿಟ್ಟ. ಹುಲಿಯಪ್ಪ ಬಗ್ಗಿ ಹೆಬ್ಬೆರಳಿನಿಂದ ಉಜ್ಜಿದ, ಮೂಸಿದ. "ಹಳೇದಲ್ಲ ತಾನೇ? ಪಾಲಿಶ್ ಗೀಲಿಶ್ ಇಲ್ಲ ತಾನೇ?"

ಬೊಮ್ಮಲಿಂಗಪ್ಪ ಸಿಡುಕಲಿಲ್ಲ. ಟೈರನ್ನು ತಿರುಗಿಸಿ ತಯಾರಾದ ತಾರೀಕು ತೋರಿಸಿದ, ಒದ್ದೆ ಬಟ್ಟೆಯಿಂದ ಒರೆಸಿ, ಪಾಲಿಶ್ ಹತ್ತದ ಆ ಬಟ್ಟೆಯನ್ನೂ ತೋರಿಸಿದ. ಕೇಳುವ ಮುಂಚೆಯೇ ಆ ಬಟ್ಟೆ ಅವನ ಕೈಯಲ್ಲಿತ್ತು. ದಿನಾ ಎಲ್ಲರಿಗೂ ಹೀಗೇ ತೋರಿಸುತ್ತಿದ್ದಾನೆ ಎಂದು ಇಫ್ತಿಕಾರನಿಗೆ ಆಗ ಹೊಳೆಯಿತು. ಅವನು ಎದ್ದು ನಿಂತ.

"ಅದನ್ನ ಹೇಳಿದ್ದು ನಾನೇ ಕಣಪ್ಪ. ಸುಳ್ಳು ಹೇಳ್ದೆ. ಇವನ ಮಾಲು ಚಿನ್ನದಂಥದ್ದು, ತಪ್ಪೆಲ್ಲ ನಂದು."

ಹುಲಿಯಪ್ಪ ಒಮ್ಮೆ ಇವನನ್ನು, ಒಮ್ಮೆ ಅವನನ್ನು ನೋಡಿ ಮೀಸೆಯಲ್ಲೇ ನಕ್ಕ. "ಎದುರಾಬದುರು ಇರೋರು. ಎಷ್ಟು ದಿನ ಅಂತ ಮುಖ ತಿರುವ್ಕಂಡು ಇರಾಕಾಗ್ತೈತೆ. ರಾಜಿ ಆಗಿದ್ದು ಒಳ್ಳೇದಾತು ಬಿಡ್ರಿ." ಟೈರನ್ನು ಗೋಡೆಗೆ ಒರಗಿಸಿದ. "ಹಿರಿಯೂರಿನಾಗೂ ಒಂದ್ ಮಾತು ಕೇಳ್ಕಂಡು ಬರ್ತೀನಿ."

ಬೈಕು ಸ್ಟಾರ್ಟಾಯಿತು. ಇಫ್ತಿಕಾರ್ ಅವನ ಹಿಂದೆ ಓಡಲು ಹೊರಟ. ಬೊಮ್ಮಲಿಂಗಪ್ಪ "ಬಿಡು" ಅಂದ. ಟೈರನ್ನು ಎತ್ತಿ ಅದರ ಜಾಗದಲ್ಲಿ ಇಟ್ಟ. ಎತ್ತುವಾಗ ಅವನ ಸೊಂಟ ಹಿಡಿದುಕೊಂಡಿತು, ಒಂದು ಗಳಿಗೆ ಗೋಡೆಗೆ ಕೈಕೊಟ್ಟು ನಿಂತ.

ಇಫ್ತಿಕಾರನಿಗೆ ತಡೆಯಲಾಗಲಿಲ್ಲ. "ಬೈಯಲೇ ಬೊಮ್ಮ. ಬಾಯಿಗೆ ಬಂದಂಗೆ ಬೈ. ಬೇಕಾದ್ರೆ ನಾಲ್ಕು ಹೊಡಿ. ಹಿಂಗೆ ಸುಮ್ಮನಿರಬ್ಯಾಡ."

"ಬೈದ್ರೆ ನಿನಗೆ ಹಗುರ ಆಗ್ತೈತೆ," ಅಂದ ಬೊಮ್ಮಲಿಂಗಪ್ಪ, ಕಾರಿನ ಚಕ್ರವನ್ನು ತನ್ನ ಕಡೆ ಎಳೆದುಕೊಳ್ಳುತ್ತ. "ನನಗೇನಾಗ್ತೈತೆ?"