ಸಮುದ್ರದ ಗಾಳಿಗೆ ಮೆತ್ತಗಾದ ರೊಟ್ಟಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಹಾಗೇ ಎದ್ದಿದ್ದೇನೆ. ಹೆಂಡತಿ ಇದ್ದಾಗ ಆಕೆಗಾದರೂ ಹೇಳೋಣ ಅಂದುಕೊಂಡಿದ್ದೆ. ಹೇಳಲಿಲ್ಲ, ಆಕೆಯೂ ಹೋದಳು. ಈಗ ಮುಂದೂಡಲು ನನ್ನ ಹತ್ತಿರ ಹೆಚ್ಚು ದಿನಗಳಿಲ್ಲ.

ಹೋದ ವಾರ ಮಗಳು, ಅಳಿಯ, ಮೊಮ್ಮಗಳು ಎರಡು ದಿನ ಸಮುದ್ರ ನೋಡಿಕೊಂಡು ಬಂದರು. ಉಳಿದ ಬುತ್ತಿಯನ್ನು ಮೊಮ್ಮಗಳು ನನ್ನ ಮುಂದೆ ಬಿಚ್ಚಿದಳು. ಕಡಕ್ ರೊಟ್ಟಿ ಎಂದರೆ ಹಪ್ಪಳದ ಹಾಗೆ ಮುರಿಯಬೇಕು. ಇದು ಅರಿವೆಯಂತೆ ಮಡಚಿಕೊಂಡಿತು. ಮೂಗಿನ ಹತ್ತಿರ ಹಿಡಿದೆ. ಜೋಳದ ವಾಸನೆಯ ಜೊತೆಗೆ ಉಪ್ಪುಗಾಳಿಯ ಹಸಿ ವಾಸನೆ… ನಲವತ್ತು ವರ್ಷದ ಹಿಂದಿನ ಒಂದು ರವಿವಾರ ಹಾಗೇ ಎದ್ದು ಬಂತು.

ಆಗ ನಾವು ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿದ್ದೆವು. ನಮ್ಮದು ಕಾಳಿನ ಅಂಗಡಿ. ಅಪ್ಪ ಅದನ್ನು ಎರಡು ದಿನ ಒಟ್ಟಿಗೆ ಮುಚ್ಚಿದ್ದು ಅದೇ ಮೊದಲು. ಅಜ್ಜಿ, ಅಪ್ಪ, ಅವ್ವ, ಅಪ್ಪನ ಅಕ್ಕ, ನಾನು, ನನ್ನ ಹೆಂಡತಿ, ನಾಲ್ಕು ವರ್ಷದ ಮಗಳು. ನಾಲ್ಕು ತಲೆಮಾರು ಒಂದು ಬಾಡಿಗೆ ಟೆಂಪೋ ಹತ್ತಿ ಅಂಕೋಲೆಯ ಕಡೆ ಹೊರಟೆವು.

ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಾನು ಆಕೆಯ ಮಡಿಲಲ್ಲೇ ಬೆಳೆದವನು. ಐವತ್ತು ದಾಟಿದ್ದರೂ ಸಮುದ್ರ ಕಂಡಿರಲಿಲ್ಲ. ಹೊರಡುವ ಹಿಂದಿನ ಎರಡು ದಿನ ಒಲೆಯ ಮುಂದೆಯೇ ಕುಳಿತು ರೊಟ್ಟಿ ಬಡಿದಿದ್ದಳು. ಬಿಳಿ ಅರಿವೆಯಲ್ಲಿ ಕಟ್ಟಿದ ಗಂಟು ದಾರಿಯುದ್ದಕ್ಕೂ ಆಕೆಯ ತೊಡೆಯ ಮೇಲೇ ಇತ್ತು.

ಶನಿವಾರ ಸಂಜೆ ಇಳಿದುಕೊಂಡ ಮನೆಯಲ್ಲಿ ಆ ಗಂಟು ಬಿಚ್ಚಿದರೆ ಒಂದು ರೊಟ್ಟಿಯೂ ಗಟ್ಟಿ ಉಳಿದಿರಲಿಲ್ಲ. ಅಜ್ಜಿ ಒಂದನ್ನು ಎತ್ತಿ ಹಿಡಿದು, "ಏನವಾ, ರೊಟ್ಟಿ ಬಡದೀಯೋ, ಟಾವೆಲ್ ನೇದೀಯೋ?" ಅಂದಳು.

"ನನ್ನ ಕೈದೇನ ತಪ್ಪಿಲ್ಲ ಯವ್ವಾ, ಈ ಊರಾಗ ಗಾಳೀನ ಬೆವರತೈತಿ!" ಅಂದಳು ಅತ್ತಿ. ಅಪ್ಪ ನಕ್ಕು ನಕ್ಕು ಕೆಮ್ಮಿದ. ಆ ಮೆತ್ತನೆಯ ರೊಟ್ಟಿಗೆ ಶೇಂಗಾ ಚಟ್ನಿ ಸವರಿಕೊಂಡು ಎಲ್ಲರೂ ತಿಂದೆವು. ಆ ಊಟದ ರುಚಿ ಆಮೇಲೆ ಎಲ್ಲಿಯೂ ಸಿಗಲಿಲ್ಲ…

ಮರುದಿನ ಮುಂಜಾನೆ ದಂಡೆಗೆ ಹೋದೆವು. ನಮ್ಮದು ಲಿಂಗವಂತರ ಮನೆತನ. ಅತ್ತಿಯ ಕೊರಳಲ್ಲಿ ದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ ಇತ್ತು, ಅದರೊಳಗೆ ಇಷ್ಟಲಿಂಗ. ಬಾಲ್ಯದಲ್ಲಿ ಗುರುಗಳು ಕಟ್ಟಿದ್ದು. ದಿನವೂ ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ಆಕೆ ಹನಿ ನೀರು ಕುಡಿಯುತ್ತಿರಲಿಲ್ಲ.

ಉಳಿದವರು ದಂಡೆಯ ಮೇಲೆ ಮಗುವಿನ ಜೊತೆ ಚಿಪ್ಪು ಆರಿಸುತ್ತಿದ್ದರು. ಅತ್ತಿ ಪಾದ ಮುಳುಗುವಷ್ಟು ನೀರಿನಲ್ಲಿ ಸೀರೆ ಎತ್ತಿ ಹಿಡಿದು ನಿಂತಿದ್ದಳು. ನಾನು ಹೋಗಿ ಎರಡೂ ಕೈ ಹಿಡಿದೆ.

"ಬ್ಯಾಡೋ ತಮ್ಮಾ, ದಾರ ಹಳೇದಾಗೈತಿ. ಸೋಮವಾರ ಹೊಸಾದು ಹಾಕ್ಕೊಳ್ಳಾಕಿ ಅದೇನಿ."

"ಒಂದ ತೆರಿ ಅತ್ತಿ, ಏನಾಗಂಗಿಲ್ಲ" ಎಂದು ಎಳೆದೆ. ಬೇಡ ಬೇಡ ಅನ್ನುತ್ತಲೇ ಸೊಂಟದುದ್ದ ನೀರಿಗೆ ಬಂದಳು. ದೊಡ್ಡ ತೆರೆಯೊಂದು ಇಬ್ಬರನ್ನೂ ಉರುಳಿಸಿತು. ಎದ್ದಾಗ ಅತ್ತಿ ನಗುತ್ತಿದ್ದಳು. ತಲೆಯ ಮೇಲೆ ಸೆರಗಿಲ್ಲ, ಕೂದಲಿನ ತುಂಬ ಉಸುಕು, ಸಣ್ಣ ಹುಡುಗಿಯ ಹಾಗೆ ನಗು. ಆಕೆ ಹಾಗೆ ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ. ಆಮೇಲೆ ಆಕೆಯ ಕೈ ಕೊರಳಿಗೆ ಹೋಯಿತು…

ಎಲ್ಲರೂ ಮಧ್ಯಾಹ್ನದವರೆಗೆ ಉಸುಕು ಕೆದಕಿದೆವು. ಸಿಗಲಿಲ್ಲ. ಅಪ್ಪ ಕೆಂಡವಾಗಿದ್ದ.

"ಅಷ್ಟ ಒಳಗ ಯಾಕ ಹ್ವಾದಿ ಅಕ್ಕಾ?"

ಅತ್ತಿ ನನ್ನ ಮುಖ ನೋಡಿದಳು. ನನ್ನ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು, ಅಜ್ಜಿಯೂ ಇದ್ದಳು. ನನ್ನ ಬಾಯಿಂದ ಬಂದದ್ದು ಇಷ್ಟು: "ನಾ ಬ್ಯಾಡಂದೆ ಅಪ್ಪಾ, ಕೇಳಲಿಲ್ಲ."

ಆಕೆ ತಲೆ ತಗ್ಗಿಸಿ, "ಹೌದಪಾ, ನಂದ ತಪ್ಪು" ಅಂದಳು.

"ಈ ವಯಸ್ಸಿನ್ಯಾಗ ಸಮುದ್ರದ ಚೈನಿ ಬೇಕಾಗಿತ್ತೇನು?" ಎಂದು ಆಕೆಯ ಹೆತ್ತ ತಾಯಿ, ನಮ್ಮ ಅಜ್ಜಿಯೇ ಅಂದುಬಿಟ್ಟಳು.

ಹೊಸ ಲಿಂಗ ಕೊರಳಿಗೆ ಬರುವವರೆಗೆ ನೀರು ಮುಟ್ಟುವುದಿಲ್ಲ ಎಂದಳು ಅತ್ತಿ. ಅರಬೈಲ ಘಟ್ಟ ಹತ್ತುವಾಗ ಬಿಸಿಲು. ಟೆಂಪೋ ನಿಲ್ಲಿಸಿ ಎಲ್ಲರೂ ಎಳನೀರು ಕುಡಿದೆವು, ನಾನೂ ಕುಡಿದೆ. ಮಗಳು ತನ್ನದನ್ನು ಹಿಡಿದುಕೊಂಡು ಆಕೆಯ ಹತ್ತಿರ ಹೋದಳು. "ನೀ ಕುಡಿ ನನ್ನವ್ವಾ, ನನಗ ನೀರಡಿಕಿಲ್ಲ" ಅಂದಳು ಅತ್ತಿ. ಆಕೆಯ ತುಟಿಗಳು ಒಡೆದಿದ್ದವು. ಹುಬ್ಬಳ್ಳಿ ಮುಟ್ಟಿದರೆ ನಮ್ಮ ಮಠದ ಗುರುಗಳು ಬೇರೆ ಊರಿಗೆ ಹೋಗಿದ್ದರು. ಅವರು ಬಂದು ಲಿಂಗ ಕಟ್ಟಿದ್ದು ಸೋಮವಾರ ಮಧ್ಯಾಹ್ನ. ಅಲ್ಲಿಯವರೆಗೆ ಆಕೆ ಗೋಡೆಗೊರಗಿ ಕಣ್ಣು ಮುಚ್ಚಿ ಕುಳಿತಿದ್ದಳು. ಖರೆ ಹೇಳಲು ನನಗೆ ಪೂರ್ತಿ ಒಂದು ದಿನವಿತ್ತು. ನಾನು ಅಂಗಡಿಗೆ ಹೋಗಿ ಕುಳಿತೆ.

ಆಮೇಲೆ ಎಷ್ಟೋ ಸಲ ನಾವು ಸಮುದ್ರಕ್ಕೆ ಹೋದೆವು. ಪ್ರತಿ ಸಲವೂ ಆಕೆಯದು ಒಂದೇ ಮಾತು: "ನಾ ಮನಿ ಕಾಯ್ತೇನಿ, ನೀವು ಹೋಗಿ ಬರ್ರಿ." ಆದರೆ ರೊಟ್ಟಿ ಕಟ್ಟಿಕೊಡುವುದನ್ನು ಬಿಡಲಿಲ್ಲ. ಸ್ಟೀಲಿನ ಡಬ್ಬಿಯಲ್ಲಿ ತುಂಬಿ, ಗಾಳಿ ಹೋಗದ ಹಾಗೆ ಮುಚ್ಚಳದ ಸುತ್ತ ಗೋಧಿ ಕಣಕ ಮೆತ್ತಿ ಕೊಡುತ್ತಿದ್ದಳು. ತಿರುಗಿ ಬಂದಾಗ ಬಾಗಿಲಲ್ಲೇ ಕೇಳುವಳು, "ತಮ್ಮಾ, ಕಡಕ್ ಉಳದಿದ್ವೇನು?"

"ಉಳದಿದ್ವು ಅತ್ತಿ" ಅನ್ನುತ್ತಿದ್ದೆ. ಅಷ್ಟು ಹೇಳಿ ಡಬ್ಬಿ ಮುಂದೆ ಹಿಡಿಯುತ್ತಿದ್ದೆ. ಆಕೆ ಕಾಯುತ್ತಿದ್ದಳೋ ಏನೋ, ಒಂದು ಕ್ಷಣ ನಿಂತು ಖಾಲಿ ಡಬ್ಬಿ ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ಹನ್ನೊಂದು ವರ್ಷ ಹೀಗೇ ನಡೆಯಿತು. ಒಂದು ಚಳಿಗಾಲ, ಪೂಜೆಗೆ ಕುಳಿತವಳು ಏಳಲಿಲ್ಲ…

"ಅಜ್ಜಾ, ಮೆತ್ತಗಾಗ್ಯಾವು, ಒಗೀಲೇನು?" ಎಂದು ಮೊಮ್ಮಗಳು ಕೇಳಿದಳು. ಬೇಡವೆಂದು ಇಸಿದುಕೊಂಡು, ಚಟ್ನಿ ಸವರಿ ಒಬ್ಬನೇ ತಿಂದೆ.

ಆ ದಂಡೆಯ ಮೇಲೆ ನಿಂತಿದ್ದ ದೊಡ್ಡವರಲ್ಲಿ ಈಗ ಉಳಿದವನು ನಾನೊಬ್ಬನೇ. ಅಪ್ಪ ಕೇಳಿದ್ದಕ್ಕೆ ಉತ್ತರ ಈಗಲಾದರೂ ಕೊಡುತ್ತೇನೆ. ನೀರಿಗೆ ಎಳೆದವನು ನಾನು. ಬ್ಯಾಡ ಅಂದವಳು ನಮ್ಮ ಅತ್ತಿ.