ನಾನು ಕುಡಿಯದ ನೀರು

ಪಂಚಾಯತಿ ಅಧ್ಯಕ್ಷೆ ತಾವೇ ಎದ್ದು ಬಂದು ನನ್ನ ಕೈಗೆ ನೀರಿನ ಲೋಟ ಕೊಟ್ಟರು. ಮುಂಡರಗಿ ತಾಲೂಕಿನ ಆ ಊರಿನ ಕೊಳವೆಬಾವಿಯಲ್ಲಿ ಫ್ಲೋರೈಡ್ ಮಿತಿ ಮೀರಿದೆ ಎಂದು ಪರೀಕ್ಷೆ ಮಾಡಿ ಕಂಡುಕೊಂಡವಳು ನಾನೇ. ಅದನ್ನೇ ಸದಸ್ಯರಿಗೆ ನಕ್ಷೆ, ಅಂಕಿಗಳ ಸಮೇತ ವಿವರಿಸಿ ಆಗಷ್ಟೇ ಕುಳಿತಿದ್ದೆ. ಎಲ್ಲರೂ ತಲೆಯಾಡಿಸಿದ್ದರು, ಯಾರೂ ಏನೂ ಕೇಳಿರಲಿಲ್ಲ.

ಕೊಟ್ಟ ನೀರನ್ನು ಬೇಡ ಎನ್ನುವುದು ನಮ್ಮ ಕಡೆ ಅವಮಾನ. ಆದರೂ ಲೋಟವನ್ನು ಮೇಜಿನ ಮೇಲಿಟ್ಟೆ.

"ಯಾಕ್ರಿ ಮೇಡಂ, ಕುಡಿಯಂಗಿಲ್ಲೇನ್ರಿ?" ಎಂದರು ಅಧ್ಯಕ್ಷೆ.

"ಇದು ಅದ ಬೋರಿನ ನೀರಲ್ರಿ ಅಕ್ಕಾರ? ನಾ ಕುಡಿಯಂಗಿಲ್ರಿ."

ಅವರ ಮುಖ ಮೊದಲು ಬಿಗಿಯಿತು. ಆಮೇಲೆ ಲೋಟವನ್ನೇ ನೋಡುತ್ತ, "ನನ್ನ ಮೊಮ್ಮಗಳು ಶಾಲ್ಯಾಗ ಇದನ್ನ ಕುಡೀತಾಳ. ಇಷ್ಟ ಮಾತು ಮೊದಲ ಹೇಳಬಾರದೇನ್ರಿ?" ಎಂದರು. ಶಾಲೆಗೂ ಅಂಗನವಾಡಿಗೂ ನದಿ ನೀರಿನ ಟ್ಯಾಂಕರ್ ತರಿಸಬೇಕು, ಆ ಬೋರಿನ ನೀರನ್ನು ಬಟ್ಟೆ, ಪಾತ್ರೆ ತೊಳೆಯಲಷ್ಟೇ ಬಳಸಬೇಕು ಎಂಬ ಠರಾವು ಅಂದೇ ಪಾಸಾಯಿತು.

ಈಗ ಯಾವ ಊರಿಗೆ ಹೋದರೂ ಅಲ್ಲಿನ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂಬುದನ್ನೇ ಮೊದಲು ಹೇಳುತ್ತೇನೆ. ಅಂಕಿಗಳನ್ನು ಕೇಳಿದವರಿಗೆ ಆಮೇಲೆ ತೋರಿಸುತ್ತೇನೆ.