ಗುಂಡಕ್ಕನ ಜೇಬುಗಳು

ಅವಳ ಹೊಲಿಗೆ ಅಂಗಡಿಗೆ ಬೋರ್ಡಿಲ್ಲ. ಗುಂಡಕ್ಕನ ಅಂಗಡಿ ಎಂದರೆ ಬೀದಿಯ ಮಕ್ಕಳೂ ಕೈ ತೋರಿಸುತ್ತಾರೆ. ಪ್ರಾಯದಲ್ಲಿ ಅವಳು ದೊಡ್ಡ ಕ್ರೀಡಾಕೂಟದಲ್ಲಿ ದೇಶದ ಪರವಾಗಿ ಗುಂಡು ಎಸೆದವಳು. ಹೆಸರು ಬಂದದ್ದು ಅದರಿಂದ. ಮೈಕಟ್ಟಿನಿಂದ ಎಂದವರಿಗೆ ಬಟ್ಟೆ ತಡವಾಗಿ ಸಿಗುತ್ತದೆ. ಆ ದೇಶ ಈಗಿಲ್ಲ, ಒಡೆದು ಎರಡಾಯಿತು. ಗುಂಡಕ್ಕ ಮನೆ ಬದಲಿಸಲಿಲ್ಲ, ಹೊಲಿಗೆ ಯಂತ್ರ ಬದಲಿಸಲಿಲ್ಲ, ದೇಶವೇ ಬದಲಾಯಿತು. ಅವಳ ಹಳೆಯ ಲಾಂಛನ, ದೊಡ್ಡದೊಂದು ಬಟ್ಟೆಯ ನಕ್ಷತ್ರ, ಯಂತ್ರದ ಮೇಲಿನ ಗೋಡೆಯಲ್ಲಿ ಪಿನ್ನಿಗೆ ಕಚ್ಚಿಕೊಂಡಿತ್ತು.

ಹೊಸ ದೇಶದ ಮೊದಲ ತಂಡ ಕೂಟಕ್ಕೆ ಹೊರಡುವುದಿತ್ತು. ಗುಂಡು ಎಸೆಯಲು ಅವಳ ಮಗಳೇ ಆಯ್ಕೆಯಾಗಿದ್ದಳು. ಹೊಸ ಜಾಕೆಟ್ ಹೊಲಿಸಲು ಪುರುಸೊತ್ತಿಲ್ಲದೆ ತಂಡದ ಮ್ಯಾನೇಜರ್ ಎದೆಗೆ ಅದೇ ನಕ್ಷತ್ರ ಹೊಲಿದಿದ್ದ ಹಳೆಯ ದೇಶದ ನೀಲಿ ಜಾಕೆಟ್‌ಗಳನ್ನೇ ಗಂಟು ಕಟ್ಟಿ ತಂದ.

"ಮೊದಲು ಬಣ್ಣಕ್ಕೆ ಹಾಕಿಸಲಾ, ಗುಂಡಕ್ಕ? ನಕ್ಷತ್ರದ ಗುರುತು ಉಳೀಬಾರದು."

"ಬಣ್ಣ ಯಾಕೆ? ನನ್ನ ಕೈ ಮೇಲೆ ನಂಬಿಕೆ ಇಲ್ವಾ? ಒಂದು ಸೂಜಿ ತೂತೂ ಕಾಣದ ಹಾಗೆ ಬಿಚ್ಚಿಕೊಡ್ತೀನಿ."

ಮಾತಿಗೆ ತಪ್ಪಲಿಲ್ಲ, ಒಂದು ತೂತೂ ಕಾಣಲಿಲ್ಲ. ಆದರೆ ಬಿಚ್ಚಿದ್ದು ಅಂಗಡಿಯ ಮಂದ ದೀಪದಡಿ. ಹೊರಡುವ ಹಿಂದಿನ ದಿನ ಎಲ್ಲವನ್ನೂ ಹೊರಗೆ ಬಿಸಿಲಿಗೆ ತೂಗುಹಾಕಿದಾಗ ಎಡವಟ್ಟು ಕಣ್ಣಿಗೆ ಬಿತ್ತು. ಜಾಕೆಟ್‌ಗಳು ಮಾಸಿದ್ದವು, ನಕ್ಷತ್ರವಿದ್ದ ಜಾಗ ಮಾತ್ರ ಕಡುನೀಲಿ. ಒಂದೊಂದರ ಎದೆಯಲ್ಲೂ ಹಳೆಯ ದೇಶ ಹಲ್ಲು ಕಿರಿಯುತ್ತಿತ್ತು. ಹೊಸ ಲಾಂಛನವೋ ಅದರ ಅರ್ಧದಷ್ಟೂ ಇಲ್ಲ.

"ಅಮ್ಮಾ, ಲೋಕವೆಲ್ಲ ನೋಡ್ತಾ ಇರುತ್ತೆ. ಇದನ್ನ ಹಾಕ್ಕೊಂಡು ಹೇಗೆ ನಡೆಯೋದು?" ಮಗಳ ಮುಖ ಸಣ್ಣದಾಯಿತು.

ಗುಂಡಕ್ಕನಿಗೆ ತನ್ನ ಜಂಬದ ಮೇಲೇ ಸಿಟ್ಟು ಬಂತು. ಒಂದು ಜಾಕೆಟ್ ಎಳೆದು ಹಿಂದೆ ಮುಂದೆ ತಿರುವಿದಳು. ಕುತ್ತಿಗೆಗೆ ಹೊಂದಿಸಿ ಹೊಲಿದ ಟೋಪಿಯ ಒಳಮಡಿಕೆ ಬಿಸಿಲು ಕಾಣದೆ ಕಡುನೀಲಿಯಾಗಿಯೇ ಇತ್ತು. ಕತ್ತರಿ ಕೈಗೆ ಬಂತು. ಟೋಪಿಗಳೆಲ್ಲ ಹಾರಿದವು, ನಕ್ಷತ್ರದ ಗುರುತಿನ ಮೇಲೆ ಅಗಲವಾದ ಜೇಬುಗಳು ಕೂತವು, ಜೇಬಿನ ಮೇಲೆ ಹೊಸ ಲಾಂಛನ. ಬೇಕೆಂದೇ ಮಾಡಿಸಿದ ಹಾಗೆ ಒಪ್ಪವಾಗಿತ್ತು.

"ಮಳೆ ಬಂದ್ರೆ?" ಎಂದ ಮ್ಯಾನೇಜರ್, ಟೋಪಿಯಿಲ್ಲದ ಜಾಕೆಟ್ ನೋಡಿ.

"ಓಡಲಿ. ಓಡೋಕೆ ತಾನೇ ಕರ್ಕೊಂಡು ಹೋಗ್ತಿರೋದು?"

ಪಥಸಂಚಲನದ ದಿನ ಬೀದಿಗೆ ಬೀದಿಯೇ ಅವಳ ಅಂಗಡಿಯ ಟಿವಿ ಮುಂದೆ ಜಮಾಯಿಸಿತ್ತು. ಪುಟ್ಟ ತಂಡ ತಲೆ ಎತ್ತಿ ನಡೆದು ಬಂತು. ಕ್ಯಾಮೆರಾ ಹತ್ತಿರವಾದಾಗ ಮಗಳು ಜೇಬನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಜೇಬಲ್ಲಿ ಏನಿಟ್ಟಿದಾಳೆ ನಿನ್ನ ಮಗಳು?" ಎಂದ ಪಕ್ಕದ ಅಂಗಡಿಯ ಸೈಕಲ್ ರಿಪೇರಿಯವನು.

ಗುಂಡಕ್ಕ ಯಂತ್ರದ ಮೇಲಿನ ಗೋಡೆಯತ್ತ ತಿರುಗಿದಳು. ಪಿನ್ನು ಮಾತ್ರ ಇತ್ತು, ನಕ್ಷತ್ರವಿರಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡಳು.

"ಕರ್ಚೀಫು ಕಣಪ್ಪಾ," ಎಂದಳು. "ನಿನ್ನ ಹತ್ರ ಒಂದಿದ್ರೆ ನಂಗೂ ಕೊಡು."